ಜೂನ್, ಜುಲೈ ಡೇಟಾ ಇಲ್ಲ. ಸೆಮಿನಾರಿನಲ್ಲಿ ಏನು ತೋರಿಸಲಿ?

ಪ್ರಶ್ನೆ: ನಾನು ಉಡುಪಿ ಕಡೆಯವಳು. ಪಿಎಚ್‌ಡಿಗೆ ಸೇರಿ ಒಂದು ವರ್ಷ ಎಂಟು ತಿಂಗಳಾಯಿತು. ಮೂಲ್ಕಿ ಅಳಿವೆಯ (ಹೊಳೆ ಸಮುದ್ರ ಸೇರುವ ಜಾಗ) ಮರುವಾಯಿ, ಅಂದರೆ ಎರಡು ಚಿಪ್ಪಿನ ಜೀವಿ, ಮತ್ತು ಅಲ್ಲಿನ ನೀರಿನ ಉಪ್ಪಿನಂಶ ನನ್ನ ವಿಷಯ. ಫೆಬ್ರವರಿಯಿಂದ ತಿಂಗಳಿಗೊಮ್ಮೆ ಸ್ಯಾಂಪಲ್ ತೆಗೆಯುತ್ತಿದ್ದೇನೆ. ಜೂನ್, ಜುಲೈಯಲ್ಲಿ ಹೊಳೆ ತುಂಬಿ ಹರಿಯುತ್ತಿತ್ತು, ದೋಣಿಯವರು ಒಪ್ಪಲಿಲ್ಲ, ಆ ಎರಡು ತಿಂಗಳು ಖಾಲಿ. ಆಗಸ್ಟ್‌ನಲ್ಲಿ ಹೋಗಿ ತೆಗೆದೆ. ಆದರೆ ಆಮೇಲೆ ನೋಡಿದರೆ ಉಪ್ಪಿನಂಶ ಅಳೆಯುವ ನಮ್ಮ ಲ್ಯಾಬಿನ ರಿಫ್ರಾಕ್ಟೋಮೀಟರ್, ಸೊನ್ನೆ ತೋರಿಸಬೇಕಾದ ಡಿಸ್ಟಿಲ್ಡ್ ನೀರಿಗೂ 2 ತೋರಿಸುತ್ತಿತ್ತು. ಮುಂದಿನ ತಿಂಗಳು ಪ್ರೊಗ್ರೆಸ್ ಸೆಮಿನಾರ್ ಇದೆ, 20 ನಿಮಿಷ ಮಾತು, 10 ನಿಮಿಷ ಪ್ರಶ್ನೆ. ಸೀನಿಯರ್ ಒಬ್ಬರು "ಖಾಲಿ ತಿಂಗಳು ತೋರಿಸಬೇಡ, ಆಚೀಚೆಯ ತಿಂಗಳ ಸರಾಸರಿ ಹಾಕಿ ತುಂಬಿಸು, ಎಲ್ಲರೂ ಮಾಡ್ತಾರೆ" ಅಂದರು. ಗೈಡ್ "ಇದ್ದಷ್ಟು ತೋರಿಸು" ಅಂತಾರೆ, ಅದಕ್ಕಿಂತ ಜಾಸ್ತಿ ಹೇಳುವುದಿಲ್ಲ. ಕೆಲಸ ಸರಿ ಇಲ್ಲ ಅಂತ ರಿಜಿಸ್ಟ್ರೇಷನ್ ತೆಗೆದುಬಿಡುತ್ತಾರಾ? ಹತ್ತನೆವರೆಗೆ ಕನ್ನಡ ಮಾಧ್ಯಮ, ಪ್ರಶ್ನೆ ಕೇಳಿದ ಕೂಡಲೇ ಇಂಗ್ಲಿಷ್ ಬಾಯಿಗೆ ಬರುವುದಿಲ್ಲ. ಸೆಮಿನಾರ್ ಮುಂದೂಡಿ ಅಂತ ಕೇಳಲೇ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅದರಲ್ಲಿ ಮೂರು ಭಯ ಒಟ್ಟಿಗೆ ಗಂಟು ಬಿದ್ದಿವೆ. ಡೇಟಾ ಖಾಲಿ ಇದೆ, ಇದ್ದ ಡೇಟಾದಲ್ಲಿ ಒಂದು ತಿಂಗಳು ಅನುಮಾನ ಇದೆ, ಇದನ್ನೆಲ್ಲ ಇಂಗ್ಲಿಷಿನಲ್ಲಿ ನಿಂತು ಹೇಳಬೇಕು. ಇವು ಬೇರೆ ಬೇರೆ, ಪರಿಹಾರವೂ ಬೇರೆ ಬೇರೆ. ಮುಂದೂಡುವ ಮಾತನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ರಿಜಿಸ್ಟ್ರೇಷನ್ ವಿಷಯ ಮುಗಿಸೋಣ, ಅದು ತಲೆಯಲ್ಲಿದ್ದರೆ ಬೇರೇನೂ ಒಳಗೆ ಹೋಗುವುದಿಲ್ಲ. ಯುಜಿಸಿಯ 2022ರ ಪಿಎಚ್‌ಡಿ ನಿಯಮದ ಪ್ರಕಾರ ವಿದ್ಯಾರ್ಥಿ ಪ್ರತಿ ಸೆಮಿಸ್ಟರ್‌ಗೂ ಸಂಶೋಧನಾ ಸಲಹಾ ಸಮಿತಿಯ ಮುಂದೆ, ಅಂದರೆ ನಾವೆಲ್ಲ ಆರ್‌ಎಸಿ ಅಂತ ಕರೆಯುವ ಸಮಿತಿಯ ಮುಂದೆ, ಕೆಲಸ ಎಲ್ಲಿಗೆ ಬಂತು ಅಂತ ಹೇಳಬೇಕು, ಒಂದು ಸಣ್ಣ ವರದಿಯನ್ನೂ ಕೊಡಬೇಕು. ಪ್ರಗತಿ ಸಾಲದು ಅನಿಸಿದರೆ ಸಮಿತಿ ಮೊದಲು ಕಾರಣ ಬರೆಯಬೇಕು, ಏನು ತಿದ್ದಿಕೊಳ್ಳಬೇಕು ಅಂತ ಹೇಳಬೇಕು. ಹಾಗೆ ಹೇಳಿದ್ದನ್ನು ವಿದ್ಯಾರ್ಥಿ ಮಾಡದೇ ಹೋದರೆ ಮಾತ್ರ ರಿಜಿಸ್ಟ್ರೇಷನ್ ರದ್ದು ಮಾಡಲು ಶಿಫಾರಸು ಮಾಡಬಹುದು, ಅದಕ್ಕೂ ಕಾರಣ ಕೊಡಬೇಕು. ನಿಮ್ಮ ವಿಶ್ವವಿದ್ಯಾಲಯದ ಸ್ವಂತ ನಿಯಮವನ್ನೂ ಒಮ್ಮೆ ಓದಿ, ಆಫೀಸಿನಲ್ಲಿ ಕೇಳಿದರೆ ಸಿಗುತ್ತದೆ. ಒಂದು ಸೆಮಿನಾರಿನಲ್ಲಿ ಎರಡು ತಿಂಗಳ ಡೇಟಾ ಇಲ್ಲ ಅಂದ ಮಾತ್ರಕ್ಕೆ ಯಾರ ರಿಜಿಸ್ಟ್ರೇಷನ್ನೂ ಹೋಗುವುದಿಲ್ಲ. ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಇಂಥ ಸಮಿತಿಗಳಲ್ಲಿ ಕೂತಿದ್ದೇನೆ, ಹಾಗೆ ಆದದ್ದನ್ನು ನೋಡಿಲ್ಲ.

ಹಾಗಾದರೆ ಈ ಭಯ ಎಲ್ಲಿಂದ ಬರುತ್ತದೆ? ನನಗೆ ಕಾಣುವ ಕಾರಣ ಒಂದೇ. ಹೊಸಬರು ನೋಡುವುದು ಹೆಚ್ಚಾಗಿ ಥೀಸಿಸ್ ಕೊಡುವ ಮುಂಚಿನ ಸೆಮಿನಾರುಗಳನ್ನು. ಅದಕ್ಕೆ ಎಲ್ಲಾ ಅಧ್ಯಾಪಕರೂ, ವಿದ್ಯಾರ್ಥಿಗಳೂ ಬಂದು ಕೂರಬಹುದು. ಅಲ್ಲಿ ನಾಲ್ಕೈದು ವರ್ಷದ ಕೆಲಸ ತೊಳೆದು ಒರೆಸಿ ಬಂದಿರುತ್ತದೆ. ಗ್ರಾಫ್ ಎಲ್ಲಾ ತುಂಬಿರುತ್ತದೆ, ಕಥೆ ನೇರವಾಗಿರುತ್ತದೆ. ಅದನ್ನು ನೋಡಿ ಬಂದವರು ತಮ್ಮ ಒಂದೂವರೆ ವರ್ಷದ ಕೆಲಸವೂ ಹಾಗೇ ಕಾಣಬೇಕು ಅಂದುಕೊಳ್ಳುತ್ತಾರೆ. ಪ್ರೊಗ್ರೆಸ್ ಸೆಮಿನಾರ್ ಬೇರೆಯೇ. ಕೆಲಸ ನಡುವಿನಲ್ಲಿದೆ, ದಾರಿ ಬದಲಿಸಲು ಇನ್ನೂ ಸಮಯ ಇದೆ, ಆಗ ನಾಲ್ಕು ಜನ ತಿಳಿದವರನ್ನು ಒಂದು ಕಡೆ ಕೂರಿಸಿ ಕೇಳಲು ಸಿಗುವ ಅರ್ಧ ಗಂಟೆ ಅದು. ನೀವು ಅಲ್ಲಿಗೆ ಲೆಕ್ಕ ಒಪ್ಪಿಸಲು ಹೋಗುತ್ತೀರಿ ನಿಜ, ಆದರೆ ಅದಕ್ಕಿಂತ ಜಾಸ್ತಿ ಕೇಳಲು ಹೋಗುತ್ತೀರಿ.

ಈಗ ಸೀನಿಯರ್ ಹೇಳಿದ ಸರಾಸರಿ ಮಾತಿಗೆ ಬರೋಣ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಅವರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ನಿಮ್ಮನ್ನು ಉಳಿಸಲು ಹೇಳಿದ್ದು.

ಮೇ ತಿಂಗಳಲ್ಲಿ ನಿಮ್ಮ ಉಪ್ಪಿನಂಶದ ರೀಡಿಂಗ್ ಸಾವಿರ ಪಾಲಿಗೆ 32 ಅಂತ ಇಟ್ಟುಕೊಳ್ಳಿ. ಸಮುದ್ರದ ನೀರು ಸುಮಾರು 35, ಬೇಸಿಗೆಯ ಕೊನೆಗೆ ಅಳಿವೆಯಲ್ಲಿ 32 ಇದ್ದರೆ ಸಹಜ. ಆಗಸ್ಟ್‌ನಲ್ಲಿ 6 ಇರಲಿ. ನಡುವಿನ ಎರಡು ತಿಂಗಳಿಗೆ ಗೆರೆ ಎಳೆದು ತುಂಬಿಸಿದರೆ ಜೂನ್‌ಗೆ ಸುಮಾರು 23, ಜುಲೈಗೆ ಸುಮಾರು 15 ಬರುತ್ತದೆ. ಗ್ರಾಫ್ ಚೆಂದ ಇಳಿಜಾರಾಗಿ ಕಾಣುತ್ತದೆ. ಆದರೆ ನೀವು ಕರಾವಳಿಯವರು, ನಿಮಗೇ ಗೊತ್ತು. ಶಾಂಭವಿ, ನಂದಿನಿ ಹೊಳೆಗಳೆರಡೂ ಕೆಂಪಗೆ ತುಂಬಿ ಬಂದು ಮೂಲ್ಕಿಯಲ್ಲಿ ಸೇರುವ ಜುಲೈಯಲ್ಲಿ, ಇಳಿತದ ಹೊತ್ತಿಗೆ ಮೇಲಿನ ನೀರು ಬಾಯಿಗೆ ಹಾಕಿದರೆ ಸಿಹಿನೀರಿನ ಹಾಗೇ ಇರುತ್ತದೆ ಅಲ್ವಾ? ಅಲ್ಲಿ 15 ಎಲ್ಲಿಂದ ಬರಬೇಕು? ಉಪ್ಪು ಮಳೆಗಾಲದಲ್ಲಿ ಇಳಿಜಾರಿನ ಹಾಗೆ ಮೆಲ್ಲ ಇಳಿಯುವುದಿಲ್ಲ, ಒಂದೆರಡು ದೊಡ್ಡ ಮಳೆಗೆ ಮೆಟ್ಟಿಲಿನಿಂದ ಬಿದ್ದ ಹಾಗೆ ಇಳಿಯುತ್ತದೆ. ನಿಮ್ಮ ಮರುವಾಯಿ ಸಾಯುವುದೋ, ಚಿಪ್ಪು ಮುಚ್ಚಿಕೊಂಡು ಬದುಕಿಕೊಳ್ಳುವುದೋ ಅನ್ನುವುದೇ ಆ ಬೀಳುವಿಕೆಯ ಮೇಲೆ ನಿಂತಿದೆ. ಅಂದರೆ ನಿಮ್ಮ ಥೀಸಿಸ್‌ನ ಮುಖ್ಯ ಪ್ರಶ್ನೆ ಇರುವ ಜಾಗದಲ್ಲೇ ನೀವು ಇಲ್ಲದ ಸಂಖ್ಯೆ ಇಟ್ಟ ಹಾಗಾಗುತ್ತದೆ. ಅಳತೆ ಮಾಡದ್ದನ್ನು ಅಳತೆ ಮಾಡಿದ್ದೇನೆ ಅಂತ ತೋರಿಸುವುದು ಕಟ್ಟುಕತೆ. ಸಂಶೋಧನೆಯಲ್ಲಿ ಅದಕ್ಕಿಂತ ದೊಡ್ಡ ತಪ್ಪು ಇಲ್ಲ. "ಎಲ್ಲರೂ ಮಾಡ್ತಾರೆ" ಅನ್ನುವುದೂ ಸುಳ್ಳು.

ಹಿಂದೆ ಒಂದು ಸೆಮಿನಾರಿನಲ್ಲಿ ಇಂಥದ್ದೇ ಆಯಿತು. ವಿದ್ಯಾರ್ಥಿಯ ಗ್ರಾಫ್ ಹನ್ನೆರಡೂ ತಿಂಗಳು ತುಂಬಿತ್ತು. ಹೊರಗಿನಿಂದ ಬಂದ ಸದಸ್ಯರೊಬ್ಬರು ತುಂಬಾ ಸಾಧಾರಣ ಪ್ರಶ್ನೆ ಕೇಳಿದರು: "ಜುಲೈಯಲ್ಲಿ ನೀವು ಹೋದಾಗ ಉಬ್ಬರ ಇತ್ತಾ, ಇಳಿತ ಇತ್ತಾ?" ಹುಡುಗ ಸುಮ್ಮನಾದ. ಫೀಲ್ಡ್ ನೋಟ್‌ಬುಕ್ ಕೊಡಿ ಅಂದರು. ಪುಟ ತಿರುವುತ್ತಾ ಹೋದರು. ಮೇ ತಿಂಗಳ ಪುಟದಲ್ಲಿ ಉಪ್ಪುನೀರಿನ ಕಲೆ ಇತ್ತು, ಗಂಟೆ ಬರೆದಿತ್ತು, ದೋಣಿಯವರಿಗೆ ಕೊಟ್ಟ ಬಾಡಿಗೆಯೂ ಬರೆದಿತ್ತು. ಜೂನ್, ಜುಲೈ ಪುಟವೇ ಇಲ್ಲ. ಯಾರೂ ಬೈಯಲಿಲ್ಲ, ಅವರು ಪುಸ್ತಕ ಮುಚ್ಚಿ ಮೆಲ್ಲ ಮೇಜಿನ ಮೇಲಿಟ್ಟರು. ಆದರೆ ಆಮೇಲೆ ಅವನ ಸರಿಯಾದ ಹತ್ತು ತಿಂಗಳ ಡೇಟಾವನ್ನೂ ಒಬ್ಬರೂ ನಂಬಲಿಲ್ಲ, ಎಲ್ಲವನ್ನೂ ಮತ್ತೆ ಮಾಡಬೇಕಾಯಿತು. ಆ ಹುಡುಗನ ಮುಖ ನನಗೆ ಈಗಲೂ ನೆನಪಿದೆ. ಅದಕ್ಕೇ ನಿಮಗೆ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಇನ್ನೊಂದು ವಿಷಯ, ನೀವು ಗೊತ್ತಿಲ್ಲದೆಯೇ ಮಾಡಿಬಿಡಬಹುದಾದ ತಪ್ಪು. ಎಕ್ಸೆಲ್‌ನಲ್ಲಿ ಜೂನ್, ಜುಲೈ ಸಾಲನ್ನೇ ಅಳಿಸಿ ಗ್ರಾಫ್ ಹಾಕಿದರೆ ಮೇ ಪಕ್ಕದಲ್ಲೇ ಆಗಸ್ಟ್ ಬಂದು ಕೂರುತ್ತದೆ, ನಡುವೆ ಗೆರೆಯೂ ಸೇರಿಕೊಳ್ಳುತ್ತದೆ, ನೋಡುವವರಿಗೆ ಖಾಲಿ ಇದ್ದದ್ದೇ ಗೊತ್ತಾಗುವುದಿಲ್ಲ. ಖಾಲಿ ಕೋಶದಲ್ಲಿ 0 ಹಾಕಿದರೆ ಇನ್ನೂ ಅಪಾಯ, ಉಪ್ಪು ಸೊನ್ನೆ ಅಂತ ಅಳೆದ ಹಾಗೆ ಆಗುತ್ತದೆ. ತಿಂಗಳ ಹೆಸರು ಇರಲಿ, ಕೋಶ ಖಾಲಿ ಇರಲಿ, ಗೆರೆ ಅಲ್ಲಿ ಕಡಿದುಹೋಗಲಿ. ಆ ಕಡಿದ ಜಾಗದ ಹಿಂದೆ ತಿಳಿ ಬೂದು ಪಟ್ಟಿ ಹಾಕಿ, "ಸ್ಯಾಂಪಲ್ ಇಲ್ಲ, ಹೊಳೆಯಲ್ಲಿ ನೆರೆ" ಅಂತ ಒಂದು ಸಾಲು ಬರೆಯಿರಿ. ಅಷ್ಟೇ ಸಾಕು. ನೀವು ಅದಕ್ಕೆ ಕ್ಷಮೆ ಕೇಳುವ ಅಗತ್ಯವೂ ಇಲ್ಲ.

ಆಗಸ್ಟ್ ರೀಡಿಂಗ್ ಬಗ್ಗೆ. ಇಲ್ಲಿ ನಿಮಗೆ ದಾರಿ ಇದೆ, ಆದರೆ ಇವತ್ತೇ ಎದ್ದು ನೋಡಬೇಕು. ಆಗಸ್ಟ್‌ನ ನೀರಿನ ಬಾಟಲಿಗಳು ಇನ್ನೂ ಇವೆಯಾ? ಗಾಜಿನ ಬಾಟಲಿ, ಮುಚ್ಚಳ ಬಿಗಿ ಇದ್ದರೆ ಉಪ್ಪಿನಂಶ ಕೆಲವು ತಿಂಗಳಲ್ಲಿ ಬದಲಾಗುವುದಿಲ್ಲ. ಮುಚ್ಚಳ ಸಡಿಲ ಇದ್ದರೆ ನೀರು ಆವಿಯಾಗಿ ಉಪ್ಪು ಜಾಸ್ತಿ ಕಾಣುತ್ತದೆ, ಅಂಥದ್ದನ್ನು ನಂಬಬೇಡಿ. ಸರಿ ಇರುವ ಬಾಟಲಿಗಳನ್ನು ಉಪಕರಣ ಸೊನ್ನೆಗೆ ತಂದು ಮತ್ತೆ ಓದಿ. ಬಾಟಲಿ ಇಲ್ಲದಿದ್ದರೆ ಎರಡನೇ ಪರೀಕ್ಷೆ. ಸೊನ್ನೆಗೆ ತರುವ ಮುಂಚೆಯೇ, ಅದೇ ಸ್ಥಿತಿಯಲ್ಲಿ, 35ರ ಸ್ಟ್ಯಾಂಡರ್ಡ್ ದ್ರಾವಣ ಹಾಕಿ ನೋಡಿ. ಅದು 37 ತೋರಿಸಿದರೆ ಉಪಕರಣ ಎಲ್ಲೆಡೆ 2 ಜಾಸ್ತಿ ಹೇಳುತ್ತಿದೆ ಅಂತ ಅರ್ಥ, ಆಗ 6 ಅನ್ನುವುದು 4 ಆಗುತ್ತದೆ. ಅದು 35ನ್ನೇ ತೋರಿಸಿದರೆ ಕೆಳಗಿನ ತುದಿಯಲ್ಲಿ ಮಾತ್ರ ತಪ್ಪಿದೆ, ಸುಮ್ನೆ 2 ಕಳೆದರೆ ಆಗುವುದಿಲ್ಲ. ಹೇಗೇ ಆಗಲಿ, ಆಗಸ್ಟ್ ದಿನ ಅದು 2 ಜಾಸ್ತಿ ಹೇಳುತ್ತಿತ್ತು ಅನ್ನುವುದಕ್ಕೆ ನಿಮ್ಮಲ್ಲಿ ಅವತ್ತಿನ ಸಾಕ್ಷಿ ಇಲ್ಲ, ಆಮೇಲಿನದು ಮಾತ್ರ ಇದೆ. ಹಾಗಾಗಿ ಗ್ರಾಫಿನಲ್ಲಿ ಓದಿದ ಅಂಕಿಯನ್ನು ತುಂಬಿದ ಚುಕ್ಕೆಯಾಗಿ, ತಿದ್ದಿದ್ದನ್ನು ಟೊಳ್ಳು ಚುಕ್ಕೆಯಾಗಿ, ಎರಡನ್ನೂ ತೋರಿಸಿ. ಮೇ ತಿಂಗಳ 32ರ ಎದುರು 6 ಆದರೂ 4 ಆದರೂ ನಿಮ್ಮ ಮಾತು ಬದಲಾಗುವುದಿಲ್ಲ. ಇದನ್ನು ಬಾಯಿಬಿಟ್ಟು ಹೇಳಿ. ಫೆಬ್ರವರಿಯಿಂದ ಮೇವರೆಗಿನ ರೀಡಿಂಗ್‌ಗಳ ಬಗ್ಗೆಯೂ ಇದೇ ಪ್ರಶ್ನೆ ಬರುತ್ತದೆ, "ಆಗ ಸೊನ್ನೆ ನೋಡಿದ್ದಿರಾ?" ಅಂತ. ನೋಡಿದ್ದರೆ ಪುಸ್ತಕದಲ್ಲಿ ತೋರಿಸಿ, ನೋಡಿಲ್ಲದಿದ್ದರೆ ಹಾಗೇ ಹೇಳಿ.

ಈಗ ನಿಮ್ಮ ಮುಂದೆ ಇರುವ ದಾರಿಗಳು. ಮುಂದೂಡಬಹುದು. ಆದರೆ ಖಾಲಿ ಇರುವುದು ಜೂನ್, ಜುಲೈ. ಎರಡು ತಿಂಗಳು ಮುಂದೂಡಿದರೆ ಜೂನ್ ಬರುವುದಿಲ್ಲ, ಮುಂದಿನ ಸೆಮಿನಾರಿನಲ್ಲೂ ಅದೇ ಖಾಲಿ ಇರುತ್ತದೆ, ಜೊತೆಗೆ ಒಂದು ಸೆಮಿಸ್ಟರ್‌ನ ವರದಿ ತಪ್ಪುತ್ತದೆ. ಕಾಯಿಲೆ, ಮನೆಯ ತೊಂದರೆ ಇದ್ದರೆ ಮುಂದೂಡುವುದು ಸರಿ, ಡೇಟಾ ಖಾಲಿ ಅಂತ ಮುಂದೂಡಿದರೆ ಲಾಭ ಇಲ್ಲ. ಫೆಬ್ರವರಿಯಿಂದ ಮೇವರೆಗೆ ಮಾತ್ರ ತೋರಿಸಿ ಮಳೆಗಾಲದ ಮಾತೇ ಎತ್ತದೆ ಇರಬಹುದು. ಸುಳ್ಳಲ್ಲ, ಸುರಕ್ಷಿತ ಅನಿಸುತ್ತದೆ. ಆದರೆ ಹತ್ತು ನಿಮಿಷದ ಪ್ರಶ್ನೆಯಲ್ಲಿ ಮೊದಲನೆಯದೇ "ಮಳೆಗಾಲ ಎಲ್ಲಿ?" ಅಂತ ಬರುತ್ತದೆ, ಆಗ ನೀವು ಅಡಗಿಸಿಟ್ಟವರ ಹಾಗೆ ಕಾಣುತ್ತೀರಿ. ಮೂರನೆಯದು, ಎಲ್ಲವನ್ನೂ ಖಾಲಿ ಸಮೇತ ತೋರಿಸಿ, ಮುಂದೆ ಏನು ಮಾಡಲಿ ಅಂತ ಕೇಳುವುದು. ಇದರ ಅಪಾಯ ಏನೆಂದರೆ ಸಮಿತಿ "ಮತ್ತೆ ಒಂದು ಮಳೆಗಾಲ ಮಾಡಿ" ಅನ್ನಬಹುದು. ಅದು ಕಷ್ಟದ ಕೆಲಸ ನಿಜ. ಆದರೆ ಲೆಕ್ಕ ಹಾಕಿ ನೋಡಿ: ಪಿಎಚ್‌ಡಿಗೆ ಕಡಿಮೆ ಅಂದರೆ 3 ವರ್ಷ, ಸಾಮಾನ್ಯ ಮಿತಿ 6 ವರ್ಷ. ಮುಂದಿನ ಜುಲೈ ಮುಗಿಯುವಾಗ ನಿಮ್ಮದು ಎರಡೂವರೆ ವರ್ಷ ಆಗಿರುತ್ತದೆ. ಸಮಯ ಇದೆ. ಇದೇ ಮಾತು ನಾಲ್ಕನೇ ವರ್ಷದಲ್ಲಿ ಕೇಳಬೇಕಾಗಿ ಬಂದಿದ್ದರೆ ನಾನೂ ನಿಮ್ಮ ಜೊತೆ ಹೆದರುತ್ತಿದ್ದೆ. ನನ್ನ ಸಲಹೆ ಈ ಮೂರನೆಯದೇ.

ಗೈಡ್‌ಗೆ ಇದು ಸೆಮಿನಾರಿನಲ್ಲಿ ಮೊದಲ ಸಲ ಗೊತ್ತಾಗಬಾರದು. ಒಂದು ವಾರ ಮುಂಚೆ ಸ್ಲೈಡ್ ಕಳಿಸಿ, ಆ ಗ್ರಾಫ್ ಇರುವ ಪುಟ ಮಾತ್ರ ಪ್ರಿಂಟ್ ತೆಗೆದು ಕೈಗೆ ಕೊಟ್ಟು, "ಸರ್, ಇದನ್ನು ಹೀಗೆ ಹೇಳುತ್ತೇನೆ" ಅಂತ ಎದುರು ಕೂತು ಹೇಳಿ. ಹೆಚ್ಚಿನ ಗೈಡ್‌ಗಳು ಮೊದಲು ಸ್ವಲ್ಪ ಗೊಣಗಿದರೂ ಒಪ್ಪುತ್ತಾರೆ, ಏಕೆಂದರೆ ಸಮಿತಿಯ ಮುಂದೆ ಅವರೂ ಕೂತಿರುತ್ತಾರೆ. ನಿಮ್ಮ ಗೈಡ್ "ಇದ್ದಷ್ಟು ತೋರಿಸು" ಅಂದಿದ್ದಾರೆ. ನನಗೆ ಅದು ಒಳ್ಳೆಯ ಮಾತಾಗಿಯೇ ಕೇಳಿತು.

20 ನಿಮಿಷವನ್ನು ಹೇಗೆ ಹಂಚುವುದು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಹೆಚ್ಚಿನವರು ಹಿಂದಿನವರ ಸಂಶೋಧನೆ ಹೇಳುತ್ತಾ ಎಂಟು ನಿಮಿಷ ಕಳೆದುಬಿಡುತ್ತಾರೆ, ಆಮೇಲೆ ಸ್ವಂತ ಗ್ರಾಫ್ ಬರುವಾಗ ಗಂಟೆ ಹೊಡೆಯುತ್ತದೆ. ಎರಡು ನಿಮಿಷ ಸಾಕು ಅದಕ್ಕೆ. ಸಮಿತಿಯವರು ಮೊದಲು ಹುಡುಕುವುದು ಬೇರೆ: ಹೋದ ಸಲ ತಾವು ಹೇಳಿದ್ದು ಏನಾಯಿತು ಅಂತ. ಹೋದ ಸಲದ ನಡಾವಳಿ ತೆಗೆದು, ಅವರು ಹೇಳಿದ ಒಂದೊಂದು ಮಾತನ್ನು ಎಡಕ್ಕೆ, ನೀವು ಮಾಡಿದ್ದನ್ನು ಬಲಕ್ಕೆ ಬರೆದು ಎರಡನೇ ಸ್ಲೈಡ್‌ನಲ್ಲೇ ಇಡಿ. ಮಾಡಿಲ್ಲದ್ದಕ್ಕೆ "ಮಾಡಿಲ್ಲ, ಕಾರಣ ಇದು" ಅಂತ ಬರೆಯಿರಿ. ಈ ಒಂದು ಸ್ಲೈಡ್ ಇದ್ದರೆ ಕೋಣೆಯ ಗಾಳಿಯೇ ಬದಲಾಗುತ್ತದೆ, ನಾನು ಎಷ್ಟೋ ಸಲ ನೋಡಿದ್ದೇನೆ.

ಮರುವಾಯಿಯ ಗಾತ್ರದ ಗ್ರಾಫಿನಲ್ಲಿ ಮೇಲೆ ಕೆಳಗೆ ಗೀಟು ಹಾಕಿರುತ್ತೀರಿ. ಅದು ಸ್ಟ್ಯಾಂಡರ್ಡ್ ಡೀವಿಯೇಷನ್ನಾ (ಚಿಪ್ಪುಗಳ ಗಾತ್ರ ಎಷ್ಟು ಹರಡಿದೆ ಅನ್ನುವುದು), ಸ್ಟ್ಯಾಂಡರ್ಡ್ ಎರರಾ (ಸರಾಸರಿ ಎಷ್ಟು ಆಚೀಚೆ ಆಗಬಹುದು ಅನ್ನುವುದು) ಅಂತ ಅಲ್ಲೇ ಬರೆಯಿರಿ. 25 ಚಿಪ್ಪು ಅಳೆದಿದ್ದರೆ ಎರಡನೆಯದು ಮೊದಲನೆಯದರ ಐದನೇ ಒಂದು ಪಾಲು ಇರುತ್ತದೆ, ಅಷ್ಟು ವ್ಯತ್ಯಾಸ. ಈ ಪ್ರಶ್ನೆ ಬಂದೇ ಬರುತ್ತದೆ. ಪ್ರತಿ ಸಲ ಯಾವ ಉಬ್ಬರ ಇಳಿತದಲ್ಲಿ ಸ್ಯಾಂಪಲ್ ತೆಗೆದಿರಿ ಅನ್ನುವುದನ್ನೂ ಪುಸ್ತಕದಿಂದ ತೆಗೆದು ಒಂದು ಪಟ್ಟಿ ಮಾಡಿ. ನಮ್ಮಲ್ಲಿ ದಿನಕ್ಕೆ ಎರಡು ಸಲ ಉಬ್ಬರ ಬರುತ್ತದೆ, ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಅಳಿವೆಯ ಉಪ್ಪು ಒಂದೇ ಇರುವುದಿಲ್ಲ. ನಿಜ ಹೇಳಬೇಕೆಂದರೆ ಖಾಲಿ ತಿಂಗಳಿಗಿಂತ ನನಗೆ ಇದರದ್ದೇ ಚಿಂತೆ ಜಾಸ್ತಿ. ಒಂದು ತಿಂಗಳು ಉಬ್ಬರದಲ್ಲಿ, ಇನ್ನೊಂದು ತಿಂಗಳು ಇಳಿತದಲ್ಲಿ ತೆಗೆದಿದ್ದರೆ ಗ್ರಾಫಿನ ಏರಿಳಿತ ತಿಂಗಳದ್ದಾ, ಹೊತ್ತಿನದ್ದಾ ಅಂತ ಹೇಳಲಾಗುವುದಿಲ್ಲ.

ಇಂಗ್ಲಿಷ್. ನಮ್ಮ ಜಿಲ್ಲೆಗಳ ಮಕ್ಕಳಿಗೆ ಮನೆಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ, ಶಾಲೆಯಲ್ಲಿ ಕನ್ನಡ, ಸೆಮಿನಾರಿನಲ್ಲಿ ಇಂಗ್ಲಿಷ್. ಪ್ರಶ್ನೆ ಬಂದಾಗ ಉತ್ತರ ತಲೆಯಲ್ಲಿ ಒಂದು ಭಾಷೆಯಲ್ಲಿ ಹುಟ್ಟಿ ಇನ್ನೊಂದರಲ್ಲಿ ಹೊರಬರಬೇಕು, ಅದಕ್ಕೆ ಎರಡು ಕ್ಷಣ ಬೇಕು. ಆ ಎರಡು ಕ್ಷಣ ತೆಗೆದುಕೊಳ್ಳಿ. ನೀರು ಕುಡಿಯಿರಿ. ಪ್ರಶ್ನೆಯನ್ನು ನಿಮ್ಮ ಮಾತಿನಲ್ಲಿ ಒಮ್ಮೆ ಹೇಳಿ, "ನೀವು ಕೇಳಿದ್ದು ಇದೇ ಅಲ್ವಾ?" ಅಂತ. ಇಂಗ್ಲಿಷ್ ತಡವರಿಸಿದರೆ ವಿಷಯ ಗೊತ್ತಿಲ್ಲ ಅಂದುಕೊಳ್ಳುತ್ತಾರೆ ಅನ್ನುವುದು ಸರಿಯಲ್ಲ. ವಿಷಯ ಗೊತ್ತಿಲ್ಲದವರು ಸರಾಗ ಇಂಗ್ಲಿಷಿನಲ್ಲೂ ಸಿಕ್ಕಿಬೀಳುತ್ತಾರೆ. ತೀರಾ ಕಷ್ಟವಾದರೆ ಅಧ್ಯಕ್ಷರನ್ನು ಕೇಳಿ ಆ ಒಂದು ಉತ್ತರ ಕನ್ನಡದಲ್ಲಿ ಕೊಡಿ. ನಾನಿದ್ದ ಸಮಿತಿಗಳಲ್ಲಿ ಇದಕ್ಕೆ ಯಾರೂ ಬೇಡ ಅಂದಿಲ್ಲ. ಆದರೆ ಹೊರರಾಜ್ಯದ ಸದಸ್ಯರು ಇದ್ದರೆ ಕಷ್ಟ, ಹಾಗಾಗಿ ಮುಂಚೆಯೇ ಗೈಡ್ ಹತ್ತಿರ ಕೇಳಿಡಿ.

ತಯಾರಿಗೆ ಪೂರ್ತಿ ಭಾಷಣ ಬಾಯಿಪಾಠ ಮಾಡಬೇಡಿ, ಒಂದು ಪದ ಮರೆತರೆ ಎಲ್ಲಾ ಮರೆಯುತ್ತದೆ. ಮೊದಲ ಮೂರು ವಾಕ್ಯ, ಕೊನೆಯ ಎರಡು ವಾಕ್ಯ, ಒಂದು ಸ್ಲೈಡ್‌ನಿಂದ ಇನ್ನೊಂದಕ್ಕೆ ದಾಟುವ ವಾಕ್ಯ, ಇಷ್ಟು ಗಟ್ಟಿ ಮಾಡಿ. ಅಂಕಿಗಳನ್ನು ಇಂಗ್ಲಿಷಿನಲ್ಲಿ ಜೋರಾಗಿ ಓದಿ ಅಭ್ಯಾಸ ಮಾಡಿ, ಹೆಚ್ಚಿನವರು ತಡವರಿಸುವುದು ಅಲ್ಲೇ. ಇಡೀ ವಿಷಯವನ್ನು ಮನೆಯಲ್ಲಿ ತಮ್ಮನಿಗೋ ತಂಗಿಗೋ ತುಳುವಿನಲ್ಲಿ ಒಮ್ಮೆ ಹೇಳಿ. ಅವರಿಗೆ ಅರ್ಥ ಆಗದ ಜಾಗ ಸಿಕ್ಕಿದರೆ, ನೀವೂ ಅಲ್ಲಿ ಗಟ್ಟಿ ಇಲ್ಲ ಅಂತ ತಿಳಿಯಿರಿ.

ಸ್ಲೈಡ್‌ನಲ್ಲಿ ಮರುವಾಯಿಯ ಊರ ಹೆಸರುಗಳನ್ನು 'ನುಡಿ' ತಂತ್ರಾಂಶದ ಹಳೇ ಫಾಂಟಿನಲ್ಲಿ ಹಾಕಿದ್ದರೆ ಬೇರೆ ಕಂಪ್ಯೂಟರಿನಲ್ಲಿ ಅದು ಅರ್ಥವಿಲ್ಲದ ಅಕ್ಷರವಾಗಿ ಬರುತ್ತದೆ. ಯೂನಿಕೋಡ್ ಬಳಸಿ, ಪಿಡಿಎಫ್ ಪ್ರತಿ ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಿ. ಹಳದಿ ಗೆರೆ ಪ್ರೊಜೆಕ್ಟರಿನಲ್ಲಿ ಕಾಣುವುದಿಲ್ಲ.

ಕೊನೆಯ ಸ್ಲೈಡ್‌ನಲ್ಲಿ ಧನ್ಯವಾದದ ಹೂವಿನ ಚಿತ್ರ ಬೇಡ. ಅಲ್ಲಿ ನಿಮ್ಮ ಪ್ರಶ್ನೆ ಇರಲಿ, ಹತ್ತು ನಿಮಿಷ ಪೂರ್ತಿ ಪರದೆ ಮೇಲೆ ನಿಲ್ಲಲಿ. ಹೀಗೆ ಬರೆಯಬಹುದು: ಮುಂದಿನ ಮಳೆಗಾಲ ದೋಣಿ ಬಿಟ್ಟು ಸೇತುವೆಯ ಮೇಲಿಂದಲೋ ದಡದಿಂದಲೋ ವಾರಕ್ಕೊಮ್ಮೆ ನೀರು ತೆಗೆಯಲೇ, ಅಥವಾ ಮೊದಲಿನ ಜಾಗಗಳಲ್ಲೇ ತಿಂಗಳಿಗೊಮ್ಮೆ ಪ್ರಯತ್ನಿಸಲೇ? ಈ ವರ್ಷದ ಜೂನ್, ಜುಲೈಗೆ ದಿನದ ಮಳೆ ಲೆಕ್ಕವನ್ನು ಪಕ್ಕದಲ್ಲಿ ತೋರಿಸಿದರೆ ಸಾಕೇ? ಮರುವಾಯಿ ಹೆಕ್ಕುವವರು "ಈ ಸಲ ಇಂಥ ವಾರ ಚಿಪ್ಪು ಬಾಯಿಬಿಟ್ಟು ಸತ್ತಿತ್ತು" ಅಂತ ಹೇಳುವುದನ್ನು ಬೇರೆಯಾಗಿ ಬರೆದಿಡಲೇ? ಹೀಗೆ ಕೇಳಿದರೆ ಸಮಿತಿಯವರು ತಪ್ಪು ಹುಡುಕುವುದನ್ನು ಬಿಟ್ಟು ಯೋಚಿಸಲು ಶುರುಮಾಡುತ್ತಾರೆ, ಕೆಲವೊಮ್ಮೆ ತಮ್ಮತಮ್ಮಲ್ಲೇ ವಾದ ಮಾಡುತ್ತಾರೆ. ಆಗ ನೀವು ಬರೆದುಕೊಳ್ಳಲು ಹೋಗಬೇಡಿ, ಕೇಳಿಸಿಕೊಳ್ಳಿ. ಬರೆಯಲು ಗೆಳತಿಯೊಬ್ಬರನ್ನು ಹಿಂದಿನ ಸಾಲಿನಲ್ಲಿ ಕೂರಿಸಿ. ಅವತ್ತು ಸಂಜೆಯೇ ಅದನ್ನು ಒಂದು ಪುಟ ಮಾಡಿ ಗೈಡ್‌ಗೆ ಮೇಲ್ ಕಳಿಸಿ, ನಾಳೆಗೆ ಇಡಬೇಡಿ. ಮತ್ತೆ ಮುಂದಿನ ಜೂನ್‌ಗೆ ದೋಣಿಯವರ ಹತ್ತಿರ ಮಾರ್ಚ್‌ನಲ್ಲೇ ಮಾತಾಡಿ. ಯಾವ ದಿನ ಹೊಳೆಗೆ ಇಳಿಯಬಾರದು ಅನ್ನುವುದನ್ನು ಅವರೇ ಹೇಳಲಿ, ಅವರು ಬೇಡ ಅಂದ ದಿನ ನೀವು ದಡದಲ್ಲೇ ಇರಿ.